ಕಿಸೆಯ ಚಾಕುವಿನ ಲಕ್ಷಣಪರೀಕ್ಷೆ

ಶಾಸ್ತ್ರಕಾರರು ಯಾವ ಪದಾರ್ಥವನ್ನು ವಿಚಾರಕ್ಕೆ ಎತ್ತಿಕೊಂಡರೂ ಮೂರು ಮೆಟ್ಟಲುಗಳನ್ನು ಕ್ರಮವಾಗಿ ಏರುವರು. ಮೊದಲನೆಯದು ಉದ್ದೇಶ, ಎಂದರೆ ವಸ್ತುವನ್ನು ಹೆಸರಿಸುವುದು. ಎರಡನೆಯದು ಲಕ್ಷಣ, ಎಂದರೆ ಇತರ ವಸ್ತುಗಳಿಂದ ಅದನ್ನು ಬೇರ್ಪಡಿಸುವ ಅಸಾಧಾರಣ ಧರ್ಮವನ್ನು ಹೇಳುವುದು. ಮೂರನೆಯದು ಪರೀಕ್ಷೆ, ಎಂದರೆ ಹೇಳಿದ ಲಕ್ಷಣವು ಸರಿಯಾಗಿ ನಿಲ್ಲುವುದೋ ಇಲ್ಲವೋ ಎಂದು ನೋಡುವುದು. ವಾತ್ಸ್ಯಾಯನನ ನ್ಯಾಯಭಾಷ್ಯದಲ್ಲಿ ಈ ಕ್ರಮವು ನಿರೂಪಿತವಾಗಿದೆ. ಪ್ರಮಾಣ, ಪ್ರಮೇಯ ಮೊದಲಾದ ಗಹನ ವಿಷಯಗಳಿಗೆಂದು ಏರ್ಪಟ್ಟ ಈ ಸೋಪಾನವನ್ನು ನಾಲ್ಕಂಗುಲದ ಚಾಕುವೊಂದಕ್ಕೆ ಹಾಕುವುದು ಕಾಕದಂತಪರೀಕ್ಷೆಯಂತೆ ವ್ಯರ್ಥವಾದ ಕೆಲಸವೆಂದು ಕೆಲವರಿಗೆ ತೋರಬಹುದು. ಆದರೆ ಕಾಗೆಗೆ ಹಲ್ಲಿಲ್ಲ, ಚಾಕುವಿಗೆ ಇದೆ. ಹಗಲೆಲ್ಲ ಮೈಗೆ ತಗಲಿಕೊಂಡೇ ಇರತಕ್ಕ ಹರಿತವಾದ ವಸ್ತುವೊಂದನ್ನು ಪರೀಕ್ಷಿಸಿಯೇ ಕಿಸೆಗೆ ಇಳಿಸುವುದು ವಿವೇಕಿಗಳ ಲಕ್ಷಣ.

ಪ್ರಕೃತ ವಿಚಾರಕ್ಕೆ ನಿಮಿತ್ತವಾದುದು ತೀರ್ಥಹಳ್ಳಿಯ ಸೀಮೆಯ ಒಂದು ಅಡಕೆ ತೋಟದ ಮನೆ. ಆ ಮನೆಯ ಹಿರಿಯರು ಎಪ್ಪತ್ತನ್ನು ದಾಟಿದವರು. ಅವರ ಸೊಂಟದ ಚೀಲದಲ್ಲಿ ಎಲೆ, ಅಡಕೆ, ಸುಣ್ಣದ ಡಬ್ಬಿಗಳೊಡನೆ ಒಂದು ಮಡಿಸುವ ಚಾಕು ನಲವತ್ತು ವರ್ಷಗಳಿಂದ ವಾಸವಾಗಿತ್ತು. ಸಾಣೆಗೆ ಸವೆದು ಸವೆದು ಅದರ ಅಲಗು ದರ್ಭೆಯ ಎಸಳಿನಂತಾಗಿ, ಕಡೆಗೆ ಕೀಲಿನ ಬಳಿ ಸಡಿಲಗೊಂಡು, ಕಿಸೆಯಲ್ಲಿದ್ದಾಗ ತಾನಾಗಿಯೇ ಬಾಯಿ ತೆರೆಯಲಾರಂಭಿಸಿತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮೊಮ್ಮಗನು ಯುಗಾದಿಗೆ ಬರುವಾಗ ಎರಡು ಹೊಸ ಚಾಕುಗಳನ್ನು ತಂದು, ಒಗ್ಗಿದುದನ್ನು ಇಟ್ಟುಕೊಳ್ಳಬೇಕೆಂದು ಪ್ರಾರ್ಥಿಸಿದನು. ನಡುವಣ ತಲೆಮಾರಿನವನಾದ ಮಗನ ಅಭಿಪ್ರಾಯ ಬೇರೆಯಾಗಿತ್ತು. ಬೆರಳು ನಡುಗುವ ವಯಸ್ಸಿನಲ್ಲಿ ಚಾಕು ಏತಕ್ಕೆ? ಬೇಕಾದುದನ್ನು ಕೊಯ್ದುಕೊಡಲು ಮನೆಯಲ್ಲಿ ಜನವಿಲ್ಲವೇ?

ಕೇಳುವವರಿಗೆ ಇದು ಉಪಚಾರದ ಮಾತು. ಕೇಳಿಸಿಕೊಂಡವರಿಗೆ ಮಾತ್ರ ಅದರ ಇನ್ನೊಂದು ಮುಖ ಕಾಣುವುದು. ಬಾಳೆಯ ಎಲೆ ಕೊಯ್ಯಲು, ಮೆಣಸಿನ ಬಳ್ಳಿಯ ಕಟ್ಟು ಬಿಗಿಯಾದಾಗ ಅದನ್ನು ಸಡಿಲಿಸಲು, ಅಂಚೆಯ ಲಕೋಟೆ ಒಡೆಯಲು, ಪಂಚಾಂಗದಲ್ಲಿ ಗುರುತು ಹಾಕುವ ಪೆನ್ಸಿಲಿಗೆ ಮೊನೆ ಮಾಡಲು, ಎಲೆಯ ತೊಟ್ಟು ಮುರಿಯಲು, ದಿನಕ್ಕೆ ಹತ್ತು ಸಾರಿ ಇನ್ನೊಬ್ಬರ ಹೆಸರನ್ನು ಕೂಗಬೇಕಾದ ಸ್ಥಿತಿಯೆಂದರೇನು? ಕೂಗಿದವರಿಗೆ ಓಗೊಟ್ಟು ಬರುವವರು ಇದ್ದರೂ ಆ ಹತ್ತು ಕೂಗುಗಳ ಭಾರ ಹಿರಿಯರ ಮೇಲೆಯೇ ಬೀಳುವುದು. ಆದಕಾರಣ ಯಾವ ಚಾಕು ಉತ್ತಮವೆಂಬ ಪ್ರಶ್ನೆಯ ಹಿಂದೆ, ಈ ಕೈ ಇನ್ನೂ ಚಾಕು ಹಿಡಿಯಬಹುದೇ ಎಂಬ ಪ್ರಶ್ನೆಯೂ ಅಡಗಿತ್ತು. ಮನೆಯವರು ಯಾರೂ ಅದನ್ನು ಬಾಯಿಬಿಟ್ಟು ಆಡಲಿಲ್ಲ.

ಮೊದಲು ಉದ್ದೇಶ. ಕೊಯ್ಯುವ ಸಾಧನಗಳೆಲ್ಲ ಒಂದು ಕುಲವೆಂದು ಭಾವಿಸಿದರೆ, ಮಲೆನಾಡಿನ ಒಂದು ಮನೆಯಲ್ಲಿಯೇ ಆ ಕುಲದವರು ಹಲವರು ಬೀಡುಬಿಟ್ಟಿರುವರು. ಅಡಿಗೆಯ ಮನೆಯಲ್ಲಿ ಮೆಟ್ಟುಗತ್ತಿ. ಇದು ಕುಳಿತಲ್ಲಿಯೇ ಕುಳಿತಿರುವುದು, ತರಕಾರಿಯೇ ಇದರ ಬಳಿಗೆ ಬರಬೇಕು. ಜಗಲಿಯಲ್ಲಿ ಅಡಕತ್ತರಿ, ಕೊಟ್ಟಿಗೆಯ ಗೋಡೆಯಲ್ಲಿ ಕುಡುಗೋಲು ಮತ್ತು ಹೆಗ್ಗತ್ತಿ. ಕೊಡಗಿನವರು ಕುಪ್ಪಸದ ಮೇಲೆ ಚೇಲೆಯನ್ನು ಬಿಗಿದು ಅದರಲ್ಲಿ ಪೀಚೆಕತ್ತಿಯನ್ನು ಸಿಕ್ಕಿಸಿಕೊಳ್ಳುವರು, ಅದಕ್ಕೆ ಒರೆಯುಂಟು. ಇವೆಲ್ಲವೂ ಬಾಯಿ ತೆರೆದ ಕತ್ತಿಗಳು, ಇಲ್ಲವೆ ಬೇರೊಂದು ಒರೆಯನ್ನು ಆಶ್ರಯಿಸಿದವು. ತನ್ನ ಹಿಡಿಯನ್ನೇ ಒರೆಯನ್ನಾಗಿ ಮಾಡಿಕೊಂಡಿರುವುದು ಮಡಿಸುವ ಚಾಕು ಒಂದೇ.

ಚಾಕು, ಕಿಸೆ ಎಂಬ ಎರಡು ಮಾತುಗಳೂ ಪಾರಸಿಯ ಮೂಲಕ ಕನ್ನಡಕ್ಕೆ ಬಂದು ನೆಲಸಿದವು. ಆದರೆ ಮಾತು ಹೊಸತೆಂದು ಪದಾರ್ಥವೂ ಹೊಸತೆಂದು ತಿಳಿಯಬಾರದು. ಓಲೆಯ ಗರಿಗಳ ಮೇಲೆ ಬರೆಯುತ್ತಿದ್ದ ಕಾಲದಲ್ಲಿ ದಕ್ಷಿಣ ದೇಶದ ಲೇಖಕರ ಬಳಿ ಕಂಟವೂ ಗರಿಯನ್ನು ಸವರುವ ಚಿಕ್ಕ ಅಲಗೂ ಒಂದೇ ಹಿಡಿಯೊಳಕ್ಕೆ ಮಡಿಸಿಕೊಳ್ಳುವ ಸಾಧನಗಳಿದ್ದುವು. ವಸ್ತುಸಂಗ್ರಹಾಲಯಗಳಲ್ಲಿ ಇವನ್ನು ಈಗಲೂ ನೋಡಬಹುದು. ಆಂಗ್ಲರ ಭಾಷೆಯಲ್ಲಿ ಚಿಕ್ಕ ಚಾಕುವಿಗೆ ಲೇಖನಿಯ ಚಾಕು ಎಂಬ ಹೆಸರು ನಿಂತಿರುವುದೂ ಹಕ್ಕಿಯ ಗರಿಯ ಲೇಖನಿಯನ್ನು ಅದರಿಂದ ಕೆತ್ತುತ್ತಿದ್ದುದರಿಂದಲೇ. ಪೂರ್ವದಲ್ಲಿಯೂ ಪಶ್ಚಿಮದಲ್ಲಿಯೂ ಅಕ್ಷರದ ಪಕ್ಕದಲ್ಲಿ ಒಂದು ಮಡಿಸಿದ ಅಲಗು ಕುಳಿತಿದ್ದಿತೆಂಬುದು ಸಂತೋಷದ ಸಂಗತಿ.

ಹೆಸರಿನ ವ್ಯಾಪಾರದಲ್ಲಿ ಕನ್ನಡವು ಸಾಲಗಾರನಾಗಿಯೇ ಉಳಿಯಲಿಲ್ಲ. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬ ವೈದ್ಯನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಹಿಂದೂದೇಶದ ವೂಟ್ಸ್ ಎಂಬ ಉಕ್ಕನ್ನು ಕುರಿತು ಪ್ರಬಂಧವನ್ನೋದಿದನು. ಆ ವೂಟ್ಸ್ ಎಂಬುದು ಕನ್ನಡದ ಉಕ್ಕು ಎಂಬ ಮಾತಿನಿಂದ ಹುಟ್ಟಿತೆಂದು ಬಹುಮಂದಿ ವಿದ್ವಾಂಸರ ಮತ. 1800ರಲ್ಲಿಯೂ 1801ರಲ್ಲಿಯೂ ಮೈಸೂರು ಸೀಮೆಯಲ್ಲಿ ಸಂಚರಿಸಿದ ಬುಕನನ್, ಮಣ್ಣಿನ ಮೂಸೆಗಳಲ್ಲಿ ಉಕ್ಕು ಮಾಡುವ ಕ್ರಮವನ್ನು ಕಂಡು ಬರೆದಿಟ್ಟಿದ್ದಾನೆ. ಚಾಕು ಎಂಬ ಹೆಸರನ್ನು ಪಾರಸಿಯಿಂದ ಪಡೆದ ನಾಡು, ಅಲಗಿನ ಲೋಹದ ಹೆಸರನ್ನು ದ್ವೀಪಾಂತರಕ್ಕೆ ಕೊಟ್ಟಿತು.

ಮೊಮ್ಮಗನು ತಂದ ಎರಡು ಚಾಕುಗಳಾದರೋ ಆಲ್ಪ್ಸ್ ಪರ್ವತದ ಎರಡು ಮಗ್ಗುಲುಗಳ ಸಂಪ್ರದಾಯಗಳಿಗೆ ಸೇರಿದವು. ಮೊದಲನೆಯದು ಸ್ವಿಟ್ಜರ್ಲೆಂಡಿನ ಪದ್ಧತಿಯದು. ಕಾರ್ಲ್ ಎಲ್ಸೆನರ್ ಎಂಬಾತನು 1884ರಲ್ಲಿ ಶ್ವೀಜ್ ಪ್ರಾಂತ್ಯದ ಇಬಾಖ್ ಎಂಬ ಊರಿನಲ್ಲಿ ಕಾರ್ಖಾನೆಯನ್ನು ತೆರೆದು, 1891ರಲ್ಲಿ ತನ್ನ ದೇಶದ ಸೈನಿಕರಿಗೆ ಚಾಕುಗಳನ್ನು ಒದಗಿಸಿದನು. 1897ರಲ್ಲಿ ಅಧಿಕಾರಿಗಳ ಚಾಕು ಎಂಬ ಹಗುರವಾದ ಮಾದರಿಯನ್ನು ನೋಂದಾಯಿಸಿದನು. 1909ರಲ್ಲಿ ಆತನ ತಾಯಿ ವಿಕ್ಟೋರಿಯಾ ತೀರಿಕೊಳ್ಳಲು, ಆಕೆಯ ಹೆಸರನ್ನೇ ತನ್ನ ಸರಕಿಗೆ ಇಟ್ಟನು. ತುಕ್ಕು ಹಿಡಿಯದ ಉಕ್ಕಿಗೆ ಫ್ರೆಂಚ್ ಭಾಷೆಯಲ್ಲಿರುವ ಇನಾಕ್ಸ್ ಎಂಬ ಹೆಸರು 1921ರಲ್ಲಿ ಅದಕ್ಕೆ ಸೇರಿ ವಿಕ್ಟೋರಿನಾಕ್ಸ್ ಎಂದಾಯಿತು. ಇದರ ಬೆನ್ನಿನಲ್ಲಿ ಕಮಾನಿನಂತಹ ಒಂದು ಪಟ್ಟಿಯಿದ್ದು, ಅಲಗಿನ ಬುಡವನ್ನು ಅದು ಸದಾ ಒತ್ತಿಕೊಂಡಿರುವುದು. ತೆರೆದಾಗ ತೆರೆದೇ ಇರುವಂತೆ, ಮುಚ್ಚಿದಾಗ ಮುಚ್ಚಿಯೇ ಇರುವಂತೆ ಈ ಕಮಾನು ನೋಡಿಕೊಳ್ಳುವುದು; ಬೇರೆ ಅಗುಳಿಯಿಲ್ಲ.

ಎರಡನೆಯದು ಫ್ರಾನ್ಸಿನ ಸವೋಯ್ ಸೀಮೆಯ ಪದ್ಧತಿಯದು. ಅಲ್ಲಿ 1890ರಲ್ಲಿ ಕಮ್ಮಾರರ ಮನೆಯ ಹುಡುಗನಾದ ಜೋಸೆಫ್ ಒಪಿನೆಲ್ ಎಂಬಾತನು ರೈತರಿಗಾಗಿ ಮರದ ಹಿಡಿಯ ಒಂದು ಸರಳವಾದ ಚಾಕುವನ್ನು ಮಾಡಿದನು. 1897ರಲ್ಲಿ ಅದನ್ನು ಒಂದರಿಂದ ಹನ್ನೆರಡರವರೆಗಿನ ಅಳತೆಗಳಲ್ಲಿ ಮಾಡಲಾರಂಭಿಸಿದರು. ಎಂಟನೆಯ ಅಳತೆ ಬಹು ಪ್ರಸಿದ್ಧ. ಅದರ ಅಲಗು ಎಂಟೂವರೆ ಸೆಂಟಿಮೀಟರು ಉದ್ದ, ತೂಕ ಸುಮಾರು 50 ಗ್ರಾಂ. ಇದಕ್ಕೆ ಕಮಾನಿಲ್ಲ; ಸೀಳಿದ ಬೀಚ್ ಮರದ ಬಿಗಿತವೇ ಅಲಗನ್ನು ಹಿಡಿದಿರುವುದು. 1955ರಲ್ಲಿ ಮಾರ್ಸೆಲ್ ಒಪಿನೆಲ್ ಇದರ ಕೊರಳಿಗೆ ತಿರುಗುವ ಒಂದು ಉಕ್ಕಿನ ಬಳೆಯನ್ನು ತೊಡಿಸಿದನು. ಬಳೆಯನ್ನು ತಿರುಗಿಸಿದರೆ ತೆರೆದ ಅಲಗು ಹಿಂದಕ್ಕೆ ಮಡಿಯದು. 2000ದಲ್ಲಿ ಈ ಬಳೆಯನ್ನು ತಿದ್ದಿ, ಮುಚ್ಚಿದ ಅಲಗೂ ತಾನಾಗಿ ತೆರೆಯದಂತೆ ಮಾಡಿದರು.

ಇನ್ನು ಲಕ್ಷಣ. ಕಿಸೆಯ ಚಾಕುವಿನ ಲಕ್ಷಣವೇನು? ಚೆನ್ನಾಗಿ ಕೊಯ್ಯುವುದೇ ಎಂದು ಮೊಮ್ಮಗನು ಹೇಳಿದನು. ಇದು ಅತಿವ್ಯಾಪ್ತಿ, ಮೆಟ್ಟುಗತ್ತಿಯೂ ಚೆನ್ನಾಗಿ ಕೊಯ್ಯುವುದು, ಅದನ್ನು ಯಾರೂ ಕಿಸೆಗೆ ಹಾಕಿಕೊಳ್ಳರು. ಮಡಿಸತಕ್ಕದ್ದು ಎಂದರೂ ಅದೇ ದೋಷ. ಕ್ಷೌರಿಕನ ಕತ್ತಿಯೂ ಮಡಿಯುವುದು, ಅದರಿಂದ ಮಾವಿನಕಾಯಿ ಕೊಯ್ಯಹೋದವನು ಬೆರಳನ್ನು ಕಳೆದುಕೊಂಡಾನು. ಬೀಗವುಳ್ಳದ್ದು ಎಂದು ಹೇಳಿದರೆ ಅವ್ಯಾಪ್ತಿ. ಏಕೆಂದರೆ ಬೀಗವಿಲ್ಲದ ಸ್ವಿಸ್ ಪದ್ಧತಿಯ ಚಾಕುವನ್ನು ಲೋಕವೆಲ್ಲವೂ ಉತ್ತಮವೆಂದು ಒಪ್ಪಿದೆ. ಹಲವು ಉಪಕರಣಗಳನ್ನು ಒಳಗೊಂಡದ್ದು ಎಂದರೆ, ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ನೆನಪಿಗೆ ಬರುವುದು. ಕತ್ತರಿ, ಅರ, ತಿರುಪುಳಿ, ಭೂತಕನ್ನಡಿಗಳನ್ನೆಲ್ಲ ಹೊಟ್ಟೆಯಲ್ಲಿ ತುಂಬಿಕೊಂಡ ಚಾಕು ಕಿಸೆಯನ್ನು ಜಗ್ಗುವುದು. ಜಗ್ಗುವ ವಸ್ತುವನ್ನು ಮನುಷ್ಯನು ನಾಲ್ಕನೆಯ ದಿನ ಮೇಜಿನ ಮೇಲೆ ಬಿಟ್ಟುಹೋಗುವನು. ಬಿಟ್ಟುಹೋದ ಚಾಕು ಕಿಸೆಯ ಚಾಕುವಾಗದು.

ಲಕ್ಷಣವು ಹೀಗೆ ಗಂಡಸರ ಬಾಯಲ್ಲಿ ಅಲೆಯುತ್ತಿರಲು, ಅದಕ್ಕೆ ನೆಲೆ ಕೊಟ್ಟವರು ಮನೆಯ ಹಿರಿಯ ಗೃಹಿಣಿ. ಹೊಸ ಚಾಕುವನ್ನು ಕೈಗೆ ತೆಗೆದುಕೊಂಡವರೆಲ್ಲರೂ ಅಲಗನ್ನು ಹೆಬ್ಬೆರಳಿನ ಮೇಲೆ ಅಡ್ಡಲಾಗಿ ಎಳೆದು ತಲೆದೂಗಿದ್ದರು. ಆಕೆ ಅಲಗನ್ನು ಮುಟ್ಟಲಿಲ್ಲ. "ಇದನ್ನು ಮುಚ್ಚುವುದು ಹೇಗೆ?" ಎಂದು ಕೇಳಿದರು. ತೆರೆಯುವುದು ಎಚ್ಚರದ ಕೆಲಸ, ಮುಚ್ಚುವುದು ಮರೆವಿನ ಕೆಲಸ ಎಂದು ಕಾರಣವನ್ನೂ ಸೇರಿಸಿದರು.

ಐವತ್ತು ವರ್ಷ ಮೆಟ್ಟುಗತ್ತಿಯ ಮುಂದೆ ಕುಳಿತವರ ಮಾತಿದು. ಕೊಯ್ಯುವಾಗ ಕಣ್ಣು, ಕೈ, ಮನಸ್ಸು ಮೂರೂ ಒಂದೆಡೆಯಲ್ಲಿರುವುವು. ಕೊಯ್ದಾದಮೇಲೆ ಮನಸ್ಸು ಮುಂದಿನ ಕೆಲಸಕ್ಕೆ ಹೊರಟುಹೋಗುವುದು; ಕಣ್ಣು ಕೊಯ್ದ ವಸ್ತುವಿನ ಮೇಲಿರುವುದು; ಚಾಕುವನ್ನು ಮುಚ್ಚುವುದಕ್ಕೆ ಕೈಯೊಂದೇ ಉಳಿಯುವುದು. ಒಡೆಯನಿಲ್ಲದ ಆ ಕೈಯೇ ಬೆರಳನ್ನು ಅಲಗಿನ ಹಾದಿಯಲ್ಲಿ ಮರೆತುಬಿಡುವುದು. ಇದಲ್ಲದೆ ಇನ್ನೊಂದು ಸಂಗತಿಯುಂಟು. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕಿಸೆಯ ಚಾಕುವಿನ ಅಲಗು ಹೊರಗಿರುವ ಕಾಲ ಹತ್ತು ನಿಮಿಷ ಮೀರುವುದು ವಿರಳ; ಮಿಕ್ಕ ಕಾಲವೆಲ್ಲವೂ ಅದು ಮುಚ್ಚಿಕೊಂಡು, ತೊಡೆಯ ಪಕ್ಕದಲ್ಲಿ, ಎಲೆಯಡಕೆಯ ನಡುವೆ, ಮಕ್ಕಳು ಬಂದು ಕುಳಿತುಕೊಳ್ಳುವ ಮಡಿಲಿನಲ್ಲಿ ಇರತಕ್ಕದ್ದು. ಯಾವ ಸ್ಥಿತಿಯಲ್ಲಿ ವಸ್ತುವು ಬಹುಕಾಲ ಇರುವುದೋ ಆ ಸ್ಥಿತಿಯ ಗುಣವೇ ಅದರ ಮುಖ್ಯಗುಣ. ಆದಕಾರಣ, ಹಿಡಿದವನ ಕೈಯಿಂದ ಪ್ರತಿಸಾರಿಯೂ ನಿಶ್ಚಯವಾಗಿ ಮುಚ್ಚಲ್ಪಟ್ಟು, ಮುಚ್ಚಿದಮೇಲೆ ಚಿಂತೆಯನ್ನು ಉಳಿಸದೆ ಇರತಕ್ಕ ಅಲಗೇ ಕಿಸೆಯ ಚಾಕು ಎಂದು ಲಕ್ಷಣವು ಸಿದ್ಧವಾಯಿತು. ಹರಿತ, ಹಗುರ, ಅಂದ ಮೊದಲಾದವು ಇದರ ಪರಿವಾರ.

ಪರೀಕ್ಷೆಗೆ ಎರಡು ಮಂಡಲಗಳ ಅವಧಿ ನಿಶ್ಚಯವಾಯಿತು. ಮಂಡಲವೆಂದರೆ ನಲವತ್ತೆಂಟು ದಿನ. ಯುಗಾದಿಯಿಂದ ಮೊದಲುಮಾಡಿ ತೊಂಬತ್ತಾರು ದಿನ, ಒಂದು ದಿನ ಒಂದು ಚಾಕು, ಮರುದಿನ ಇನ್ನೊಂದು. ಹೀಗೆ ಮಾಡಿದ್ದರಿಂದ ಬೇಸಗೆಯ ಒಣಹವೆಯೂ ಆಷಾಢದ ಮಳೆಯೂ ಎರಡಕ್ಕೂ ಸಮನಾಗಿ ಸಿಕ್ಕವು.

ಮೊದಲು ತೆರೆಯುವ ವಿಷಯ. ಎರಡರ ಅಲಗಿನಲ್ಲಿಯೂ ಉಗುರು ಸಿಕ್ಕಿಸಲು ಒಂದು ಗೀರು ಇರುವುದು. ಕಮಾನಿನ ಚಾಕುವಿನಲ್ಲಿ ಆ ಗೀರು ಇಲ್ಲದೆ ಗತಿಯಿಲ್ಲ. ಹೆಬ್ಬೆರಳಿನ ಉಗುರು ಕಮಾನಿನ ಒತ್ತಡವನ್ನು ಗೆಲ್ಲಬೇಕು. ವಯಸ್ಸಾದವರ ಉಗುರು ಒಡೆಯುವುದು, ಪದರಪದರವಾಗಿ ಏಳುವುದು. ಕೈ ಒದ್ದೆಯಾಗಿದ್ದರೆ ಜಾರುವುದು. ಮರದ ಹಿಡಿಯದರಲ್ಲಿ ಅಲಗಿನ ಬೆನ್ನು ಹಿಡಿಯಿಂದ ಸ್ವಲ್ಪ ಹೊರಚಾಚಿರುವುದರಿಂದ, ಹೆಬ್ಬೆರಳು ಮತ್ತು ತೋರುಬೆರಳುಗಳಿಂದ ಚಿವುಟಿ ಎಳೆಯಬಹುದು, ಉಗುರಿನ ಹಂಗಿಲ್ಲ. ಬೇಸಗೆಯ ನಲವತ್ತೆಂಟು ದಿನಗಳಲ್ಲಿ ಇದು ಹಿರಿಯರಿಗೆ ಸುಲಭವಾಗಿ ವಶವಾಯಿತು.

ಮಳೆ ಹಿಡಿದೊಡನೆ ಸ್ಥಿತಿ ಬದಲಾಯಿತು. ಮರವು ನೀರನ್ನು ಕುಡಿದು ಉಬ್ಬುವುದು ಅದರ ಸ್ವಭಾವ. ಮಲೆನಾಡಿನಲ್ಲಿ ಆಷಾಢ ಬಂದರೆ ಮನೆಯ ಬಾಗಿಲುಗಳೇ ಚೌಕಟ್ಟಿನಲ್ಲಿ ಕಚ್ಚಿಕೊಳ್ಳುವಾಗ ಚಾಕುವಿನ ಹಿಡಿ ಕಚ್ಚಿಕೊಂಡುದು ಆಶ್ಚರ್ಯವಲ್ಲ. ಸವೋಯ್ ಸೀಮೆಯವರು ಹಿಮದಲ್ಲಿಯೂ ಮಳೆಯಲ್ಲಿಯೂ ಇದನ್ನು ಬಳಸುವವರಾದುದರಿಂದ ಇದಕ್ಕೊಂದು ಉಪಾಯವನ್ನು ಕಂಡುಕೊಂಡಿದ್ದಾರೆ. ಬಳೆಯನ್ನು ಬಿಡಿಸಿ, ಹಿಡಿಯ ತುದಿಯನ್ನು ಗಟ್ಟಿಯಾದ ಮರಕ್ಕೋ ಕಲ್ಲಿಗೋ ಒಮ್ಮೆ ತಟ್ಟಿದರೆ ಅಲಗು ಸ್ವಲ್ಪ ಮೇಲೆದ್ದು ಬೆರಳಿಗೆ ಸಿಕ್ಕುವುದು. ಸವೋಯರ ಪೆಟ್ಟು ಎಂದೇ ಇದಕ್ಕೆ ಅಲ್ಲಿ ಹೆಸರು. ತೀರ್ಥಹಳ್ಳಿಯ ಸೀಮೆಯ ಜಗಲಿಯ ಕಂಬವೂ ಈ ಪೆಟ್ಟಿಗೆ ಒದಗಿತು. ಕೀಲಿಗೆ ಒಂದೆರಡು ತೊಟ್ಟು ಎಣ್ಣೆ ಬಿಟ್ಟು, ಹಿಡಿಯನ್ನು ಒಣಗಿಸಿ ಎಣ್ಣೆಯ ಬಟ್ಟೆಯಿಂದ ಉಜ್ಜಿದಮೇಲೆ ಬಿಗಿತವು ಬಹಳಮಟ್ಟಿಗೆ ಇಳಿಯಿತು. ಆದರೂ ಮಳೆಯ ದಿನಗಳಲ್ಲಿ ತೆರೆಯುವ ಸೌಕರ್ಯಕ್ಕೆ ಕಮಾನಿನ ಚಾಕುವೇ ಮೇಲೆಂದು ಪರೀಕ್ಷಕರು ಒಪ್ಪಿದರು.

ಎರಡನೆಯದು ಕೊಯ್ಯುವ ವಿಷಯ. ಮರದ ಹಿಡಿಯದರ ಅಲಗು ಇಂಗಾಲದ ಉಕ್ಕಿನದು. ತೆಳ್ಳಗೆ, ಅಗಲವಾಗಿ ಹಬ್ಬಿದುದು. ಮಾವಿನಕಾಯಿಯೊಳಗೆ ಅದು ಇಳಿಯುವುದನ್ನು ನೋಡುವುದೇ ಒಂದು ಸುಖ. ಇನ್ನೊಂದರ ಅಲಗು ತುಕ್ಕು ಹಿಡಿಯದ ಉಕ್ಕಿನದು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ಪಟ್ಟಣದಲ್ಲಿ ಹ್ಯಾರಿ ಬ್ರಿಯರ್ಲಿ ಎಂಬಾತನು ಇಂತಹ ಉಕ್ಕನ್ನು ಎರಕಹೊಯ್ದ ಮೇಲೆ ಅಡಿಗೆಮನೆಗಳ ಚರಿತ್ರೆಯೇ ಬದಲಾಯಿತು. ನೂರಕ್ಕೆ ಹತ್ತೂವರೆ ಪಾಲಿಗೆ ಕಡಮೆಯಿಲ್ಲದಂತೆ ಕ್ರೋಮಿಯಂ ಬೆರೆತರೆ, ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಕಣ್ಣಿಗೆ ಕಾಣದಷ್ಟು ತೆಳುವಾದ ಕವಚವನ್ನು ಕಟ್ಟುವುದು. ಗೀಚಿದರೆ ಕವಚವು ಮತ್ತೆ ತಾನೇ ಕೂಡಿಕೊಳ್ಳುವುದು. ಹುಳಿ, ಉಪ್ಪು, ಬೆವರು ಇವುಗಳಿಗೆ ಆ ಅಲಗು ಸುಲಭವಾಗಿ ಜಗ್ಗದು.

ಇಂಗಾಲದ ಉಕ್ಕಿಗೆ ಈ ಕವಚವಿಲ್ಲ. ಅಡಕೆಯನ್ನು ಸೀಳಿದ ಮೊದಲ ದಿನವೇ ಅದರ ಹೊಳಪು ಮಾಸಿ ನೀಲಿಮಿಶ್ರಿತವಾದ ಕಪ್ಪು ಬಣ್ಣ ಹತ್ತಿತು. ಮೊಮ್ಮಗನು ಚಾಕು ಕೆಟ್ಟಿತೆಂದು ನೊಂದುಕೊಂಡನು. ಹಿರಿಯರು ನಕ್ಕರು. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಬೆರೆಸಿ ಮಸಿ ಮಾಡುತ್ತಿದ್ದ ಕಾಲವನ್ನು ಅವರು ಬಲ್ಲರು. ಚೊಗರೂ ಕಬ್ಬಿಣವೂ ಕೂಡಿದರೆ ಕಪ್ಪಾಗುವುದು ಮಸಿಯ ರಹಸ್ಯ. ಅಡಕೆಯ ಚೊಗರು ಅಲಗಿನ ಮೇಲೆ ಬರೆದದ್ದೂ ಅದೇ ಮಸಿ. ಈ ಕಪ್ಪು ತುಕ್ಕಲ್ಲ. ಒಂದು ಮಟ್ಟಿಗೆ ಅದು ತುಕ್ಕನ್ನು ತಡೆಯುವುದೂ ಉಂಟು. ಕೆಂಪಾದುದೇ ತುಕ್ಕು. ಮಳೆಗಾಲದಲ್ಲಿ ಮಾವಿನ ರಸ ಹತ್ತಿದ ಅಲಗನ್ನು ಒರಸದೆ ಮುಚ್ಚಿಟ್ಟರೆ, ಬೆಳಗಾಗುವುದರೊಳಗೆ ಆ ಕೆಂಪು ಚುಕ್ಕೆಗಳು ಏಳುವುವು. ಆದರೆ ಮೊಂಡಾದಾಗ ಸಾಣೆಕಲ್ಲಿನ ಮೇಲೆ ಒಂದೊಂದು ಪಕ್ಕಕ್ಕೂ ಇಪ್ಪತ್ತು ಅಂಶದಷ್ಟು ಓರೆಯಾಗಿ ಹಿಡಿದು ಹತ್ತು ಸಾರಿ ಎಳೆದರೆ ಇಂಗಾಲದ ಅಲಗು ಬೇಗನೆ ಮೊದಲಿನಂತಾಗುವುದು. ಇನ್ನೊಂದಕ್ಕೆ ಹೆಚ್ಚು ತಾಳ್ಮೆ ಬೇಕು. ಹೆಚ್ಚು ಸೇವೆಯನ್ನು ಕೇಳುವ ಅಲಗು ಬೇಗನೆ ಪ್ರಸನ್ನವಾಗುವುದು. ಸೇವೆಯನ್ನು ಕೇಳದ ಅಲಗು ಮುನಿದರೆ ನಿಧಾನವಾಗಿ ಒಲಿಯುವುದು.

ಶುಚಿಯ ವಿಷಯದಲ್ಲಿ ಎರಡೂ ತಪ್ಪಿತಸ್ಥರೇ. ಹಣ್ಣು ಕೊಯ್ದ ಚಾಕುವಿನ ಸೀಳಿನೊಳಕ್ಕೆ ರಸ ಇಳಿದು, ರಾತ್ರಿಯೊಳಗೆ ಇರುವೆಗಳು ಅದರಲ್ಲಿ ಸಂತೆ ನೆರೆಸುವುವು. ಕಮಾನಿನ ಚಾಕುವನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ ಎಣ್ಣೆ ಬಿಡಬಹುದು. ಮರದ ಹಿಡಿಯನ್ನು ನೀರಿನಲ್ಲಿ ನೆನಸಲಾಗದು, ಒಂದು ಗರಿಕಡ್ಡಿಯಿಂದ ಕೆದಕಿ ಒರಸಬೇಕು. ಹಲಸಿನ ಹಣ್ಣಿಗೆ ಕೈ ಹಾಕುವ ಮುನ್ನ ಅಲಗಿಗೆ ಕೊಬ್ಬರಿಯೆಣ್ಣೆ ಸವರುವ ಪದ್ಧತಿ ಎರಡಕ್ಕೂ ಸಮಾನ. ಮೇಣವು ಕೀಲಿಗೆ ಸೇರಿದರೆ ಬಿಡಿಸುವುದು ಕಷ್ಟ.

ಮೂರನೆಯದು ಮುಚ್ಚುವ ವಿಷಯ. ಲಕ್ಷಣವು ನಿಂತಿರುವುದೇ ಇದರ ಮೇಲೆ. ಕಮಾನಿನ ಚಾಕುವನ್ನು ಮುಚ್ಚುವಾಗ ಅಲಗು ಮುಕ್ಕಾಲು ದಾರಿಯವರೆಗೆ ಕೈಯ ಮಾತನ್ನು ಕೇಳುವುದು. ಆಮೇಲೆ ಕಮಾನೇ ಅದನ್ನು ಸೆಳೆದುಕೊಂಡು ಟಕ್ಕೆಂದು ಒಳಗೆ ಹಾಕಿಕೊಳ್ಳುವುದು. ಆ ಸದ್ದು ಮುಚ್ಚಿತೆಂಬುದಕ್ಕೆ ಸಾಕ್ಷಿ. ಎಳೆಯರಿಗೆ ಇದು ಗುಣ. ಅವರು ಮಾತಾಡುತ್ತಲೇ ಮುಚ್ಚುವರು. ನಡುಗುವ ಬೆರಳಿಗೆ ಆ ಕಡೆಯ ಕಾಲುದಾರಿಯ ವೇಗವೇ ಭಯದ ಸ್ಥಾನ. ಅಲಗು ಸೀಳಿನೊಳಕ್ಕೆ ಹೋಗುವ ಹೊತ್ತಿಗೆ ಬೆರಳೂ ಅಲ್ಲಿಯೇ ಇರಬಹುದು. ಇನ್ನೊಂದು ದೋಷವೂ ಉಂಟು. ಮೊನೆಯನ್ನು ಒತ್ತಿ ತೂತು ಕೊರೆಯುವಾಗ ಬಲವು ಅಲಗನ್ನು ಮಡಿಸುವ ಕಡೆಗೆ ತಿರುಗಿದರೆ, ಕಮಾನು ತಡೆಯಲಾರದೆ ಅಲಗು ಬೆರಳಿನ ಮೇಲೆ ಮಡಿಯಬಹುದು. ಬೀಗವಿಲ್ಲದ ಚಾಕುವಿನ ಮೊನೆಯಿಂದ ಒತ್ತಿ ಕೆಲಸಮಾಡಬಾರದೆಂಬುದು ಎಲ್ಲ ವಯಸ್ಸಿನವರೂ ಪಾಲಿಸತಕ್ಕ ನಿಯಮ.

ಬಳೆಯ ಚಾಕುವನ್ನು ಮುಚ್ಚುವುದು ಮೂರು ಅಂಗಗಳುಳ್ಳ ಕ್ರಿಯೆ. ಮೊದಲು ಅಲಗನ್ನು ಒರಸಬೇಕು. ಇಂಗಾಲದ ಉಕ್ಕಾದುದರಿಂದ ಇದು ಬಿಡುವಂತಿಲ್ಲ. ಆಮೇಲೆ ಬಳೆಯನ್ನು ಹಿಂದಕ್ಕೆ ತಿರುಗಿಸಿ ಅಲಗನ್ನು ಮಡಿಸಬೇಕು. ಇಲ್ಲಿ ಕಮಾನಿನ ಸೆಳೆತವಿಲ್ಲ, ಅಲಗು ಕೊನೆಯವರೆಗೂ ಕೈಯ ವೇಗದಲ್ಲಿಯೇ ನಡೆಯುವುದು, ಕೈ ನಿಂತಲ್ಲಿ ನಿಲ್ಲುವುದು. ಕಡೆಗೆ ಬಳೆಯನ್ನು ಮತ್ತೆ ತಿರುಗಿಸಿ ಬಂಧಿಸಬೇಕು. ಸದ್ದಿಲ್ಲ, ಆದರೆ ಬಳೆ ತಿರುಗಿತೆಂಬುದನ್ನು ಹೆಬ್ಬೆರಳು ತಿಳಿಯುವುದು. ಕಿವಿ ಮಂದವಾದವರಿಗೆ ಟಕ್ಕೆಂಬ ಸದ್ದಿಗಿಂತ ಈ ಸ್ಪರ್ಶವೇ ಹೆಚ್ಚು ನಂಬಿಕೆಯದು. ಪರೀಕ್ಷೆಯ ಮೊದಲ ದಿನಗಳಲ್ಲಿ ಈ ಮೂರು ಅಂಗಗಳು ತೊಡಕಾಗಿ ತೋರಿದುವು. ಎರಡನೆಯ ಮಂಡಲದಲ್ಲಿ ಅವೇ ರಕ್ಷೆಯೆಂದು ಕಂಡಿತು. ಒರಸುವುದಕ್ಕಾಗಿ ಅಲಗನ್ನು ನೋಡಲೇಬೇಕು. ನೋಡಿದರೆ ಹೊರಟುಹೋದ ಮನಸ್ಸು ಹಿಂದಿರುಗಿ ಬರುವುದು. ಮನಸ್ಸು ಬಂದಮೇಲೆಯೇ ಕೈ ಮಡಿಸುವುದು. ತುಕ್ಕು ಹಿಡಿಯುವ ದೋಷವೇ ಒಡೆಯನ ಎಚ್ಚರಕ್ಕೆ ಕಾವಲಾಯಿತು. ಮರೆವಿನ ಕೆಲಸವೆಂದು ಗೃಹಿಣಿಯವರು ಹೇಳಿದುದನ್ನು ಈ ಚಾಕು ಬಲವಂತವಾಗಿ ಎಚ್ಚರದ ಕೆಲಸವನ್ನಾಗಿ ಮಾಡಿತು.

ಪರೀಕ್ಷೆಯುದ್ದಕ್ಕೂ ಮಗನು ಏನನ್ನೂ ಹೇಳಲಿಲ್ಲ. ಜಗಲಿಯ ಇನ್ನೊಂದು ಕೊನೆಯಲ್ಲಿ ಪತ್ರಿಕೆಯನ್ನು ಹಿಡಿದು ಕುಳಿತು, ತಂದೆ ಚಾಕು ಮುಚ್ಚುವುದನ್ನು ನೋಡುತ್ತಿದ್ದನು. ತೊಂಬತ್ತಾರನೆಯ ದಿನ ಅವನು ತಾನಾಗಿಯೇ ಪಟ್ಟಣದಿಂದ ಒಂದು ಸಾಣೆಕಲ್ಲನ್ನು ತಂದು ತಂದೆಯ ಪಕ್ಕದಲ್ಲಿಟ್ಟನು. ಮನೆಯಲ್ಲಿ ಹಳೆಯ ಕಲ್ಲು ಇದ್ದ ಕಾರಣ ಹೊಸದರ ಅವಶ್ಯಕತೆಯೇನೂ ಇರಲಿಲ್ಲ.

ತೀರ್ಪು ಹೀಗಾಯಿತು. ಒಂದೇ ಊರಿನಲ್ಲಿದ್ದು, ನಿಧಾನವಾಗಿ ಕೆಲಸಮಾಡುವ, ಒರಸುವ ಬಟ್ಟೆಯನ್ನು ಹೆಗಲ ಮೇಲೆಯೇ ಹೊತ್ತಿರುವ ಹಿರಿಯರಿಗೆ ಬಳೆಯ ಚಾಕು. ಮಳೆಗಾಲದ ಬಿಗಿತವನ್ನು ಎಣ್ಣೆಯಿಂದಲೂ ಕಂಬದ ಪೆಟ್ಟಿನಿಂದಲೂ ನಿವಾರಿಸಿಕೊಳ್ಳತಕ್ಕದ್ದು. ಕಮಾನಿನ ಚಾಕು ಗೃಹಿಣಿಯವರ ಪಾಲಿಗೆ ಬಂದಿತು. ಅದರ ಚಿಕ್ಕ ಕತ್ತರಿ ಹೂ ಕಟ್ಟುವ ದಾರಕ್ಕೆ ಬಹಳ ಅನುಕೂಲವೆಂದು ಆಕೆ ಮೊದಲ ವಾರದಲ್ಲಿಯೇ ಕಂಡುಕೊಂಡಿದ್ದರು. ಅವಸರದಲ್ಲಿ ಬದುಕುವವರಿಗೆ, ಒರಸುವ ಅಭ್ಯಾಸವಿಲ್ಲದವರಿಗೆ, ಸಮುದ್ರತೀರದ ಉಪ್ಪುಗಾಳಿಯಲ್ಲಿ ವಾಸಿಸುವವರಿಗೆ ತುಕ್ಕು ಹಿಡಿಯದ ಅಲಗೇ ಹಿತ. ಬಳೆಯ ಚಾಕುವೂ ಅಂತಹ ಉಕ್ಕಿನಲ್ಲಿ ದೊರೆಯುವುದರಿಂದ, ನಡುದಾರಿಯನ್ನು ಬಯಸುವವರಿಗೂ ಮಾರ್ಗವುಂಟು.

ದೇಶಕಾಲಗಳ ಭೇದವನ್ನೂ ವಾಚಕರು ಗಮನಿಸಬೇಕು. ವಿಮಾನದಲ್ಲಿ ಕೈಚೀಲದೊಳಗೆ ಯಾವ ಚಾಕುವನ್ನೂ ಒಯ್ಯಕೂಡದು; ಒಪ್ಪಿಸಿಬಿಡುವ ಪೆಟ್ಟಿಗೆಯಲ್ಲಿಯೇ ಇಡಬೇಕು. ಮಕ್ಕಳನ್ನು ಕಾಣಲು ಇಂಗ್ಲೆಂಡಿಗೆ ಹೋಗುವ ತಂದೆತಾಯಿಗಳು ಇನ್ನೊಂದು ಸಂಗತಿಯನ್ನೂ ಅರಿತಿರತಕ್ಕದ್ದು. ಅಲ್ಲಿನ 1988ರ ಕಾನೂನಿನ ಮೇರೆಗೆ, ಕೊಯ್ಯುವ ಅಂಚು ಮೂರು ಅಂಗುಲ ಮೀರದ ಮಡಿಸುವ ಕಿಸೆಯ ಚಾಕುವಿಗೆ ಮಾತ್ರ ಸಾರ್ವಜನಿಕ ಸ್ಥಳದಲ್ಲಿ ವಿನಾಯಿತಿಯುಂಟು; ತೆರೆದಾಗ ಬಂಧಿಸಲ್ಪಡುವ ಚಾಕುವನ್ನು ಅಲ್ಲಿನ ನ್ಯಾಯಾಲಯವು 1993ರಲ್ಲಿ ಮಡಿಸುವ ಚಾಕುವೆಂದು ಒಪ್ಪಲಿಲ್ಲ. ಜಗಲಿಯ ಮೇಲೆ ಹಿರಿಯರ ಬೆರಳನ್ನು ಕಾಪಾಡಿದ ಬಳೆಯೇ ಲಂಡನ್ನಿನ ಬೀದಿಯಲ್ಲಿ, ತಕ್ಕ ಕಾರಣವಿಲ್ಲದಿದ್ದರೆ, ಅವರನ್ನು ಅಪರಾಧಿಯನ್ನಾಗಿ ಮಾಡಬಹುದು.

ಚಿನ್ನದ ಕತ್ತಿಯೆಂದು ಕತ್ತು ಕೊಯ್ದುಕೊಳ್ಳುವರೇ ಎಂದು ಗಾದೆಯಿದೆ. ಎಷ್ಟು ದೊಡ್ಡ ಹೆಸರಿನ ಚಾಕುವಾದರೂ ಅದನ್ನು ಹಿಡಿಯತಕ್ಕ ಕೈಯನ್ನು ನೋಡಿಯೇ ಬೆಲೆ ಕಟ್ಟಬೇಕು. ಮೇಲಿನ ತೀರ್ಪು ಒಂದು ಮನೆಯ, ಒಂದು ಹವೆಯ, ಒಂದು ಜತೆ ಕೈಗಳ ವಿಷಯಕವಾದುದು. ಅದೂ ಆ ಬೆರಳುಗಳು ಬಳೆಯನ್ನು ತಿರುಗಿಸಬಲ್ಲಷ್ಟು ಕಾಲ ಮಾತ್ರ ನಿಲ್ಲತಕ್ಕದ್ದು. ಪ್ರತಿ ಯುಗಾದಿಯಲ್ಲಿಯೂ ಪರೀಕ್ಷೆಯನ್ನು ಹೊಸದಾಗಿ ನಡೆಯಿಸುವುದೆಂದು ಹಿರಿಯರೇ ನಿಯಮಮಾಡಿದ್ದಾರೆ. ಹಗಲು ಬೆಳಕಿನಲ್ಲಿ, ಗೃಹಿಣಿಯವರ ಎದುರಿನಲ್ಲಿ, ಚಾಕುವನ್ನು ಹತ್ತು ಸಾರಿ ತೆರೆದು ಹತ್ತು ಸಾರಿ ಮುಚ್ಚತಕ್ಕದ್ದು. ಎಣಿಸುವುದು ಮುಚ್ಚಿದ ಸಂಖ್ಯೆಯನ್ನು ಮಾತ್ರ. ಹತ್ತರಲ್ಲಿ ಒಂದು ತಪ್ಪಿದರೂ ಚಾಕುವು ಮಗನ ಕೈಗೆ ಹೋಗತಕ್ಕದ್ದೆಂಬುದು ನಿಯಮದ ಕೊನೆಯ ಮಾತು.